ಎಣ್ಣೆ ಕುಡಿದ ಹಾಳೆ

ಗುಟ್ಟು ಒಡೆದವಳು ಭಾಗವ್ವನೇ. ಶಿವಯೋಗೆಪ್ಪನಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನ ಉಳಿದಿರಲಿಲ್ಲ.

ಪಿಂಜಾರ ಅಲ್ಲಾಭಕ್ಷ ಕಣ್ಣಾರೆ ಕಂಡಿದ್ದ. "ನಿನ್ನಿ ನಿಮ್ಮ ಮನಿಯಾಕಿ ಗೌಡರ ವಾಡೇಕ ಹೋಗಿದ್ದಳು. ಮಾರಿ ಮ್ಯಾಲ ಸೆರಗ ಇತ್ತು" ಎಂದು ಗಾಣದ ಬಾಗಿಲಲ್ಲೇ ನಿಂತು ಹೇಳಿ ಹೋದ. ಅದರ ಬೆನ್ನಿಗೇ ತಳವಾರ ಬಂದ. ನಿಂತ ಕಾಲಲ್ಲೇ ಚಾವಡಿಗೆ ಬರಬೇಕು, ಪಂಚರ ಮುಂದೆ ಕರಡಿಗೆ ತೆರೆದು ತೋರಿಸಬೇಕು, ಹೆಂಡತಿಯೂ ಜೊತೆಗಿರಬೇಕು.

ಕೊರಳಲ್ಲಿ ತೂಗುವ ಆ ಬೆಳ್ಳಿ ಕರಡಿಗೆಯಲ್ಲಿ ಲಿಂಗವಿಲ್ಲವೆಂಬುದು ಊರಲ್ಲಿ ಇಬ್ಬರಿಗೇ ಗೊತ್ತು. ಒಬ್ಬ ತಾನು. ಇನ್ನೊಬ್ಬಳು, ಅದರ ಜೋಡಿ ಕರಡಿಗೆಯನ್ನೇ ಮದುವೆಯ ದಿನದಿಂದ ಕೊರಳಿಗೆ ಕಟ್ಟಿಕೊಂಡ ಭಾಗವ್ವ.

ಹೋದ ವರ್ಷ ಜತ್ತದ ಸಂತೆಯಲ್ಲಿ, ಯೇಸುವಿನ ಕಥೆ ಹೇಳುವ ಸಾತಪ್ಪ ಮಾಸ್ತರನ ಮಾತಿಗೆ ಶಿವಯೋಗೆಪ್ಪ ಮನಸೋತಿದ್ದ. ತನ್ನ ಲಿಂಗವನ್ನು ಹೊಳೆಗೆ ಬಿಟ್ಟು, ಮಾಸ್ತರ ಕೊಟ್ಟ ಒಂದು ಹಾಳೆಯನ್ನು ಮಡಿಚಿ ಕರಡಿಗೆಯಲ್ಲಿಟ್ಟುಕೊಂಡ. ಗಾಣ ಹೂಡುವ ಕೈ. ಮುಟ್ಟಿ ಮುಟ್ಟಿ ಹಾಳೆ ಕುಸುಬಿ ಎಣ್ಣೆ ಕುಡಿದು ಹಳದಿಯಾಗಿತ್ತು. ಸಂಜೆ ಭಾಗವ್ವ ರೊಟ್ಟಿ ಬಡಿಯುವಾಗ ಬಾಗಿಲು ಮುಂದೆ ಮಾಡಿ ಅವಳಿಗೆ ಓದಿ ಹೇಳುತ್ತಿದ್ದ. ಗುರುವನ್ನು ಹಿಡಿದೊಯ್ದಾಗ, ಬೆಂಕಿ ಕಾಯಿಸಿಕೊಳ್ಳುತ್ತ ಕೂತ ಶಿಷ್ಯನೊಬ್ಬ, ಆತ ಯಾರೋ ಗೊತ್ತೇ ಇಲ್ಲವೆಂದು ಮೂರು ಸಲ ಹೇಳಿದ ಕಥೆ ಅದು.

"ಎಂಥಾ ಹೇಡಿ ನೋಡ" ಎಂದು ಪ್ರತಿ ಸಲ ತೊಡೆ ತಟ್ಟಿಕೊಳ್ಳುತ್ತಿದ್ದ. "ನಾ ಇದ್ದಿದ್ದರ ಕೊರಳ ಕೊಡತಿದ್ದೆ."

ಕೊರಳು ಕೊಡುವ ಮಾತು ಒಲೆಯ ಮುಂದೆ ಬಲು ಅಗ್ಗ.

ಭಾಗವ್ವ ಅಕ್ಷರ ಅರಿಯದವಳು. "ಓದಾಕ ಬರಲಾರದವರಿಗೂ ಈ ಹಾಳಿ ಸಲ್ಲತೈತೇನ್ರಿ?" ಎಂದೊಮ್ಮೆ ಕೇಳಿದ್ದಳು. "ನಿನಗ್ಯಾಕ ಅದೆಲ್ಲ? ರೊಟ್ಟಿ ಹೊತ್ತತೈತಿ ನೋಡ" ಎಂದು ನಕ್ಕುಬಿಟ್ಟಿದ್ದ.

ಈಗ ನಗು ಬರಲಿಲ್ಲ. ಮಾಸ್ತರ ಎರಡು ಸಲ ಗಾಣಕ್ಕೆ ಬಂದುಹೋದಾಗಿನಿಂದ ಊರಲ್ಲಿ ಗುಸುಗುಸು ಎದ್ದಿತ್ತು. ಅರ್ಧ ಊರು ಆಗಲೇ ಕುಸುಬಿಯನ್ನು ಬಿಳೂರಿನ ಗಾಣಕ್ಕೆ ಒಯ್ಯುತ್ತಿತ್ತು. ಜತ್ತದ ಸಂಸ್ಥಾನ ಹೋಗಿ ನಾಲ್ಕು ವರ್ಷವಾಗಿದ್ದರೂ ಚಾವಡಿಯಲ್ಲಿ ಗೌಡನ ಮಾತೇ ಕಾಯಿದೆ. ಹಾಳೆ ಸಿಕ್ಕರೆ ಬಾವಿ ಬಂದ್, ಗಾಣ ಬಂದ್, ಊರೇ ಬಂದ್. ಅಷ್ಟೆಲ್ಲ ತಿಳಿದೂ ಹೋಗಿ ಹೇಳಿ ಬಂದಳಲ್ಲ! ಹದಿನಾಲ್ಕು ವರ್ಷ ಕೂಡಿ ಉಂಡವಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಬೆಳಿಗ್ಗೆಯಷ್ಟೇ "ಶಿವದಾರ ಹಳೇದಾಗೈತಿ, ಕೊಡ್ರಿ" ಎಂದು ಕರಡಿಗೆಯನ್ನು ಒಳಗೊಯ್ದು, ಹೊಸ ದಾರ ಪೋಣಿಸಿ ತಂದು ಅವಳೇ ಕೊರಳಿಗೆ ಹಾಕಿದ್ದಳು. ಈಗ ಅದು ಉರುಳಿನಂತೆ ಬಿಗಿಯುತ್ತಿತ್ತು. ಹಾಳೆ ತೆಗೆದು ಬಿಸಾಡೋಣವೆಂದರೆ ತಳವಾರನ ಕಣ್ಣು ಅವನ ಕೈಮೇಲೇ ಇತ್ತು.

ಭಾಗವ್ವ ಹಿಂದಿನಿಂದ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಅಲ್ಲಿ ಸುಳ್ಳ ಹೇಳಬ್ಯಾಡ್ರಿ. ಕರಡಗಿ ಕೊಟ್ಟು ಸುಮ್ಮನ ಕುಂದ್ರಿ."

"ನಿನ್ನ ಕೆಲಸ ನೀ ಮಾಡಿದಿ. ಇನ್ನ ಬಾಯಿ ಮುಚ್ಚು."

"ಇನ್ನೂ ಮುಗದಿಲ್ಲರಿ" ಎಂದಳು.

ಚಾವಡಿ ತುಂಬಿತ್ತು. ಬಸಗೊಂಡ ಗೌಡ ಕಂಬಕ್ಕೆ ಒರಗಿ ಕೂತಿದ್ದ, ಪಕ್ಕದಲ್ಲಿ ಮಠದ ಅಯ್ಯ. ಶಿವಯೋಗೆಪ್ಪ ಕರಡಿಗೆಯನ್ನು ಬಿಚ್ಚಿ ಕೊಟ್ಟ. ಅಯ್ಯ ಮುಚ್ಚಳ ತೆಗೆದ.

ಒಳಗೆ ಲಿಂಗವಿತ್ತು.

ಅಂಚಿನಲ್ಲಿ ಚೂರು ಅರಿಷಿಣ ಮೆತ್ತಿತ್ತು. ಅಯ್ಯ ಅದನ್ನು ಕಣ್ಣಿಗೊತ್ತಿಕೊಂಡು, ಮುಚ್ಚಿ ಮರಳಿ ಕೊಟ್ಟ.

ಶಿವಯೋಗೆಪ್ಪನಿಗೆ ಹೋದ ಜೀವ ಬಂದಂತಾಯಿತು. ಎಲ್ಲಿಂದ ಬಂತು, ಹೇಗೆ ಬಂತು ಎಂದು ಯೋಚಿಸುವ ಗೋಜಿಗೇ ಹೋಗಲಿಲ್ಲ. ಬದುಕಿದೆ, ಅಷ್ಟು ಸಾಕಿತ್ತು.

"ನೀ ಆ ಯೇಸೂನ ನಂಬೀದಿ ಅಂತ ಮಂದಿ ಅಂತಾರ. ಖರೇನ?" ಎಂದ ಗೌಡ.

ಸುಮ್ಮನೆ ಕೂತಿದ್ದರೂ ನಡೆಯುತ್ತಿತ್ತು. "ಆಂವ ಯಾರೋ ನನಗ ಗೊತ್ತಿಲ್ಲರಿ."

"ಸಾತಪ್ಪ ಮಾಸ್ತರ?"

"ಎಣ್ಣಿಗೆ ಬಂದಿದ್ದಾನು. ಗುರುತಿಲ್ಲರಿ."

ಗೌಡ ಗಡ್ಡ ತುರಿಸಿಕೊಂಡ. "ಮತ್ತ ನಿನ್ನ ಹೆಂಡತಿ ನಿನ್ನಿ ಬಂದು, ನಮ್ಮ ಮನ್ಯಾಗ ಒಬ್ಬರ ಕರಡಗ್ಯಾಗ ಹಾಳಿ ಐತಿ ಅಂದಳಲ್ಲ?"

ಭಾಗವ್ವ ಮುಂದೆ ಬಂದಳು. ತನ್ನ ಕೊರಳ ಕರಡಿಗೆಯನ್ನು ಬಿಚ್ಚಿ ಅಯ್ಯನ ಎದುರಿಗಿಟ್ಟಳು. ಅದರೊಳಗಿಂದ ಎಣ್ಣೆ ಕುಡಿದು ಹಳದಿಯಾದ ಹಾಳೆ ಹೊರಬಂತು.

"ನಂದರಿ" ಎಂದಳು. "ನಂಬಿದಾಕಿ ನಾ. ಇವರ ಕರಡಗಿ ನೀವ ನೋಡೀರಿ. ಹೊರಗ ಹಾಕೂದಿದ್ದರ ನನ್ನ ಒಬ್ಬಾಕೀನ ಹಾಕ್ರಿ."

ತನ್ನ ಕರಡಿಗೆಯಲ್ಲಿರುವುದು ಯಾರ ಲಿಂಗ, ಅದರ ಮೇಲಿನ ಅರಿಷಿಣ ಯಾರ ಬೆರಳಿನದು ಎಂಬುದು ಶಿವಯೋಗೆಪ್ಪನಿಗೆ ಆಗ ಹೊಳೆಯಿತು.

ಗೌಡ ಹಾಳೆಯನ್ನು ಮೂಗಿಗೆ ಹಿಡಿದು ಮೂಸಿದ. ಆಮೇಲೆ ಶಿವಯೋಗೆಪ್ಪನತ್ತ ತಿರುಗಿದ. "ಈಕಿಗೆ ಅಕ್ಷರ ಬರಂಗಿಲ್ಲ. ಇದನ್ನ ಓದಿ ಹೇಳಿದಾವ ಯಾರು?"

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಭಾಗವ್ವ ತಲೆಯೆತ್ತಿ ಗಂಡನ ಮುಖ ನೋಡಿದಳು.

"ನನಗ ಗೊತ್ತಿಲ್ಲರಿ" ಎಂದ ಶಿವಯೋಗೆಪ್ಪ.