ಹಿಂದಿನ ಸ್ಟೀರಿಂಗಿನವನು

ಕಲ್ಲು ನೇರವಾಗಿ ಲಾರಿಯ ಮುಂದಿನ ಗಾಜಿಗೆ ಬಿತ್ತು. ಗಾಜು ಪುಡಿಪುಡಿಯಾಗಿ ಡ್ರೈವರನ ಮಡಿಲು ತುಂಬಿತು. ಅವನ ಕಾಲು ತಾನಾಗಿಯೇ ಬ್ರೇಕ್ ತುಳಿಯಿತು. ಹಿಂದೆ, ಮನೆಯಷ್ಟು ದೊಡ್ಡ ಬಾಯ್ಲರ್ ಹೊತ್ತ ಟ್ರೇಲರ್ ಕಿರುಗುಟ್ಟುತ್ತ ನಿಂತಿತು.

ಎದುರಿಗೆ, ಸೇತುವೆಯ ಬಾಯಲ್ಲಿ, ಬೈಕನ್ನು ನೆಲಕ್ಕೆ ಕೆಡವಿ ನಿಂತವನನ್ನು ಕಂಡದ್ದೇ ಡ್ರೈವರನ ಮೈಯೆಲ್ಲ ಉರಿಯಿತು. ಗಂಟಲ! ಬೆಳಿಗ್ಗೆಯಷ್ಟೇ ಬಂದರಿನ ಗೇಟಿನಲ್ಲಿ ಕೆಲಸ ಬಿಡಿಸಿ ಕಳಿಸಿದ್ದ ಪೀಡೆ. ಸೇತುವೆ ಇಷ್ಟು ಬೇಗ ಬಂತೇ ಎಂದು ಒಂದು ಕ್ಷಣ ಅನ್ನಿಸಿತು. ಸಿಟ್ಟಿನಲ್ಲಿ ಅದು ಅಲ್ಲಿಗೇ ಮರೆತುಹೋಯಿತು. ಜಾಕಿ ರಾಡು ಹಿಡಿದು ಬಲಗಡೆಯ ಬಾಗಿಲಿನಿಂದ ಧುಮುಕಿದ.

"ಕೊಲ್ಲೋಕೆ ಬಂದ್ಯೇನೋ?"

ಗಂಟಲ ಓಡಲಿಲ್ಲ. ಏದುಸಿರು ಬಿಡುತ್ತ ಇವನ ಮುಖವನ್ನೇ ನೋಡಿದ. "ಈಗ ಕಣ್ಣು ತೆರೀತೇನೋ, ಕತ್ತೆ?"

ರಾಡು ಅವನ ಭುಜಕ್ಕೆ ಬಿತ್ತು. ದಾರಿಯ ವಿದ್ಯುತ್ ತಂತಿಗಳನ್ನು ಕೋಲಿನಿಂದ ಎತ್ತಿಹಿಡಿಯಲು ಬಾಯ್ಲರಿನ ನೆತ್ತಿಯ ಮೇಲೆ ಕೂತಿದ್ದ ಆಳುಗಳು ಇಳಿದು ಬಂದು ಅಡ್ಡ ನಿಲ್ಲದಿದ್ದರೆ ಎರಡನೆಯದು ತಲೆಗೇ ಬೀಳುತ್ತಿತ್ತು.

ಹಗೆ ಇಂದಿನದಲ್ಲ. ಇಂಥ ಉದ್ದದ ಗಾಡಿಗೆ ಒಂದು ಸ್ಟೀರಿಂಗ್ ಸಾಲದು. ಬಾಲದ ತುದಿಯಲ್ಲಿ ಇನ್ನೊಂದು ಸೀಟು, ಹಿಂದಿನ ಗಾಲಿಗಳನ್ನು ತಿರುಗಿಸಲು ಇನ್ನೊಬ್ಬ. ನಡುವೆ ಬಾಯ್ಲರ್ ಇರುವುದರಿಂದ ಒಬ್ಬರಿಗೊಬ್ಬರು ಕಾಣುವುದಿಲ್ಲ. ವಾಕಿಟಾಕಿಯಲ್ಲಿ ದನಿ ಮಾತ್ರ. ಗಾಡಿ ನಿಂತರೂ ಮುಂದಿನವನು ಹೇಳುವ ತನಕ ಹಿಂದಿನವನು ಸೀಟು ಬಿಡುವಂತಿಲ್ಲ. ಆ ಸೀಟಿನಲ್ಲಿ ಇಷ್ಟು ಕಾಲ ಕೂತಿದ್ದವನು ಗಂಟಲ. ಆ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ.

ತಿರುವುಗಳಲ್ಲಿ ಮಾತ್ರ ಮನುಷ್ಯನಂತೆ ಮಾತಾಡುತ್ತಿದ್ದ. ರಸ್ತೆ ನೇರವಾಗಿ, ಗಾಡಿ ನಡಿಗೆಯ ವೇಗದಲ್ಲಿ ಸಾಗುತ್ತ, ಡ್ರೈವರ್ ಸ್ವಲ್ಪ ಹಾಯಾಗಿ ಕೂತನೋ ಇಲ್ಲವೋ, ಶುರು. "ಏ ಕತ್ತೆ! ಬದುಕಿದ್ಯಾ, ಸತ್ತ್ಯಾ?" ಉತ್ತರ ತುಸು ತಡವಾದರೆ ಅಪ್ಪ, ಅಜ್ಜ ಎಲ್ಲರೂ ಬೈಗುಳದಲ್ಲಿ ಬಂದುಹೋಗುತ್ತಿದ್ದರು. ಡ್ರೈವರ್ ಒಮ್ಮೆ ಆಸೆಪಟ್ಟು ಮೆತ್ತನೆಯ ದಿಂಬು ತಂದು ಸೀಟಿಗೆ ಹಾಕಿದ್ದ. ಗಂಟಲ ಅದನ್ನು ಕಿತ್ತು ಚರಂಡಿಗೆ ಎಸೆದ. "ಲಾರಿ ಓಡಿಸ್ತೀಯೋ, ಬೀಗರ ಮನೇಲಿ ಕೂತಿದೀಯೋ?"

ಮನೆಯಲ್ಲಾದರೂ ನೆಮ್ಮದಿಯೇ? ಉಂಡು ಗೋಡೆಗೆ ಒರಗಿದರೆ ಸಾಕು, ಹೆಂಡತಿ ಪಾತ್ರೆಗಳನ್ನು ಕುಕ್ಕುತ್ತಿದ್ದಳು. ನಿಮಗೇನೋ ಕಾಯಿಲೆ ಇದೆ, ಡಾಕ್ಟರಿಗೆ ತೋರಿಸೋಣ ಎಂದು ಒಮ್ಮೆ ಹೇಳಿದ್ದಕ್ಕೆ ತಟ್ಟೆ ಎಸೆದಿದ್ದ. ಕಾಯಿಲೆಯವನು ಎಂದು ಸುದ್ದಿಯಾದರೆ ಕೈಗೆ ಸ್ಟೀರಿಂಗ್ ಯಾರು ಕೊಡುತ್ತಾರೆ? ಆ ಕೆಲಸ ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿರಲಿಲ್ಲ.

ಆಮೇಲೆ ಒಂದು ದಿನ ಆ ಇಬ್ಬರನ್ನೂ ಒಟ್ಟಿಗೆ ಕಂಡ. ಬಂದರಿನ ಗೋಡೆಯ ಮರೆಯಲ್ಲಿ ಹೆಂಡತಿ ಗಂಟಲನ ಮುಂದೆ ಕಣ್ಣೊರೆಸಿಕೊಳ್ಳುತ್ತ ಏನೋ ಪಿಸುಗುಟ್ಟುತ್ತಿದ್ದಳು. ಇವನನ್ನು ಕಂಡದ್ದೇ ಇಬ್ಬರ ಬಾಯಿಯೂ ಮುಚ್ಚಿತು. ಡ್ರೈವರ್ ಮೇಸ್ತ್ರಿಯ ಮುಂದೆ ಹೋಗಿ, "ಒಂದೋ ಅವನಿರಬೇಕು, ಇಲ್ಲ ನಾನಿರಬೇಕು" ಎಂದು ಕಡ್ಡಿ ಮುರಿದಂತೆ ಹೇಳಿದ.

ಹೊಸಬ ಬಂಗಾರದಂಥವನು. "ಆಯ್ತಣ್ಣಾ", "ಸರಿ ಅಣ್ಣಾ", ಅಷ್ಟೇ. ಡ್ರೈವರ್ ಹೊಸ ದಿಂಬು ಹಾಕಿಕೊಂಡು ಕೂತ. ಹೊರಡುವ ಮುಂಚೆ ಚುಚ್ಚಲೆಂದೇ ಹೆಂಡತಿಗೆ ಫೋನ್ ಮಾಡಿದ. "ನಿನ್ನ ಗಂಟಲನ ಕಥೆ ಮುಗೀತು."

ಆಕೆ ಚೀರಿದಳು. "ಯಾರನ್ನ ಕೇಳಿ ತೆಗೆಸಿದ್ರಿ? ಅವನಿಲ್ಲದೆ ಹೊರಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಅಂದರೆ ಅನುಮಾನ ನಿಜ. ಫೋನಿನ ಸದ್ದು ಅಡಗಿಸಿ ಪಕ್ಕಕ್ಕೆ ಎಸೆದು ಗಾಡಿ ಹೊರಡಿಸಿದ.

ಈಗ, ಎದುರಿನ ವಾಹನಗಳನ್ನು ತಡೆಯಲು ಮೊದಲೇ ಸೇತುವೆ ದಾಟಿದ್ದ ಪೊಲೀಸ್ ಜೀಪು ವಾಪಸು ಬಂತು. ಮೇಸ್ತ್ರಿಯೂ ಅದರಲ್ಲೇ ಇದ್ದ. ಡ್ರೈವರ್ ಎಲ್ಲವನ್ನೂ ಹೇಳಿದ, ಹೆಂಡತಿಯ ಮಾತೊಂದನ್ನು ಬಿಟ್ಟು.

"ಯಾಕೋ ಕಲ್ಲು ಹೊಡೆದೆ?" ಪೊಲೀಸಿನವನು ಕೇಳಿದ.

ಗಂಟಲ ಆಳುಗಳನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ, ಕೊನೆಗೆ ಡ್ರೈವರನನ್ನು. ಬಾಯಿ ತೆರೆದ, ಮುಚ್ಚಿದ. ಅವನಿಗೆ ಮಾತು ಸಿಗದೆ ಹೋದದ್ದನ್ನು ಡ್ರೈವರ್ ಕಂಡದ್ದು ಅದೇ ಮೊದಲು.

"ಕೆಲಸ ಹೋದ ಸಿಟ್ಟು ಸಾರ್. ಇನ್ನೇನಿಲ್ಲ."

"ಕೇಳಿದ್ರಲ್ಲ? ಅವನ ಬಾಯಿಂದ್ಲೇ ಬಂತು!" ಡ್ರೈವರ್ ಕೂಗಿದ. "ಒಳಗೆ ಹಾಕಿ ಸಾರ್. ಹೊರಗೆ ಬರಲೇಬಾರ್ದು."

ಜೀಪಿಗೆ ದಬ್ಬಿಸಿಕೊಂಡವನು ತಲೆ ಹೊರಗೆ ಹಾಕಿದ. "ಏ ಕತ್ತೆ! ನಾನೆಸೆದ ಕಲ್ಲು ಕ್ಯಾಬಿನ್ನಿನಲ್ಲೇ ಬಿದ್ದಿರುತ್ತೆ. ಎಡಗಡೆ ಗಾಲಿಗೆ ಅದನ್ನ ಒತ್ತು ಕೊಟ್ಟು ಆಮೇಲೆ ಬ್ರೇಕ್ ಬಿಡು."

ಡ್ರೈವರ್ ಉಗಿದ. ಹತ್ತಲು ಕಾಲೆತ್ತಿದವನು ಯಾಕೋ ಇಳಿದು, ಲಾರಿಯ ಮೂತಿ ಸುತ್ತಿ ಎಡಗಡೆಗೆ ಹೋದ.

ಮುಂದಿನ ಗಾಲಿ ರಸ್ತೆಯಂಚಿನ ಕಲ್ಲನ್ನು ಕಿತ್ತುಕೊಂಡು ಹೋಗಿತ್ತು. ಅರ್ಧ ಟೈರು ಗಾಳಿಯಲ್ಲಿತ್ತು. ಕೆಳಗೆ, ಬಹಳ ಕೆಳಗೆ, ಹೊಳೆ. ಡ್ರೈವರ್ ಒಂದು ಹೆಜ್ಜೆ ಹಿಂದೆ ಸರಿದ. ತಾನು ನೇರ ರಸ್ತೆಯಲ್ಲಿ ನೇರವಾಗಿಯೇ ಬರುತ್ತಿದ್ದೆನಲ್ಲ!

ಕ್ಯಾಬಿನ್ನಿನಲ್ಲಿ ವಾಕಿಟಾಕಿ ಅಳುವ ದನಿಯಲ್ಲಿ ಮಾತಾಡುತ್ತಿತ್ತು. "ಅಣ್ಣಾ, ಪೆಟ್ರೋಲ್ ಬಂಕ್ ದಾಟಿದಾಗಿಂದ ಕರೀತಿದೀನಿ. ಯಾಕಣ್ಣಾ ಮಾತಾಡ್ತಿಲ್ಲ?"

ಬಂಕೇ? ದಾರಿಯಲ್ಲಿ ಬಂಕು ಬಂದದ್ದೇ ಅವನಿಗೆ ನೆನಪಿರಲಿಲ್ಲ.

ದಿಂಬಿನ ಪಕ್ಕದಲ್ಲಿ ಫೋನು ಸದ್ದಿಲ್ಲದೆ ಬೆಳಗುತ್ತಿತ್ತು. ಕೈಚಾಚಿ ತೆಗೆದು ಕಿವಿಗಿಟ್ಟ.

"ಎಚ್ಚರ ಆಯ್ತಾ ರೀ?" ಹೆಂಡತಿ ಬಿಕ್ಕುತ್ತಿದ್ದಳು. "ಆ ಪುಣ್ಯಾತ್ಮ ಬಂದು ಎಬ್ಬಿಸಿದ್ನಾ?"