ಎಂಟು ದೇಶದ ಮಾತ್ರೆ

"ಅಪ್ಪಾ, ಅಮ್ಮನಿಗೆ ಸಿಕ್ಕಿದ್ದು ನಿಜವಾದ ಔಷಧಿನೇ ಅಂತೆ! ಈಗ್ತಾನೆ ಡಾಕ್ಟರ್ ಮೇಡಂ ಫೋನ್ ಮಾಡಿದ್ರು!"

ನಾನು ಚಪ್ಪಲಿನೂ ಬಿಚ್ಚದೆ ಒಳಗೆ ಓಡಿ ಬಂದಿದ್ದೆ. ಅಪ್ಪ ತಟ್ಟೆ ಪಕ್ಕಕ್ಕಿಟ್ರು.

ಕಲ್ಲು ಪಾಲಿಶ್ ಮಾಡೋ ಧೂಳು ಕುಡಿದು ಅಪ್ಪ ಅಮ್ಮ ಇಬ್ಬರ ಶ್ವಾಸಕೋಶನೂ ಹಾಳಾಗಿತ್ತು. ಎಂಟು ದೇಶದ ಡಾಕ್ಟರ್‌ಗಳು ಸೇರಿ ಅದಕ್ಕೊಂದು ಮಾತ್ರೆ ಪರೀಕ್ಷೆ ಮಾಡ್ತಿದ್ರು. ಅರ್ಧ ಜನಕ್ಕೆ ಔಷಧಿ, ಇನ್ನರ್ಧ ಜನಕ್ಕೆ ನೋಡೋಕೆ ಅದೇ ಥರ ಇರೋ ಸಕ್ಕರೆ ಮಾತ್ರೆ; ಯಾರಿಗೆ ಯಾವ್ದು ಅಂತ ಪರೀಕ್ಷೆ ಮುಗಿಯೋವರೆಗೂ ಹೇಳ್ತಿರಲಿಲ್ಲ. ಅಪ್ಪನಿಗೆ ವಯಸ್ಸು ಜಾಸ್ತಿ ಆಯ್ತು ಅಂತ ಸೇರಿಸ್ಕೊಳ್ಳಲಿಲ್ಲ, ಅಮ್ಮನ್ನ ಸೇರಿಸ್ಕೊಂಡ್ರು. ಒಂದು ವರ್ಷ ಆಗೋದ್ರೊಳಗೆ ಅಮ್ಮ ಹೋಗ್ಬಿಟ್ಲು.

"ಔಷಧಿ ಸಿಕ್ಕಿದ್ರೆ ಅವಳ್ಯಾಕೆ ಉಳೀಲಿಲ್ಲ?"

"ಅದೇ ಅವರಿಗೂ ಅರ್ಥ ಆಗ್ತಿಲ್ಲ ಅಪ್ಪಾ. ತಗೊಂಡವರಲ್ಲಿ ತುಂಬ ಜನ ಚೇತರಿಸ್ಕೊಂಡಿದ್ದಾರಂತೆ. ಅಮ್ಮನ್ನ ಮಾತ್ರ ಔಷಧಿ ನಾಟದವರ ಪಟ್ಟೀಲಿ ಹಾಕಿದ್ದಾರೆ. ಪ್ರತಿ ತಿಂಗಳೂ ಖಾಲಿ ಡಬ್ಬಿ ವಾಪಸ್ ಕೊಡ್ತಿದ್ಲಂತೆ, ಒಂದು ಮಾತ್ರೆನೂ ಉಳಿಸ್ತಿರಲಿಲ್ಲ. ನಿಮ್ಮಮ್ಮನಷ್ಟು ಶಿಸ್ತಿನ ಪೇಷಂಟ್ ಇನ್ನೊಬ್ಬರಿಲ್ಲ ಅಂದ್ರು!"

"ತಿಂಗಳಿಗೆ ಎರಡು ಡಬ್ಬಿ ಅಲ್ವಾ?"

"ಒಬ್ಬರಿಗೆ ಒಂದೇ ಅಪ್ಪಾ."

"ಸರಿಯಾಗಿ ಕೇಳಿದ್ಯೇನೇ?"

"ಹೂಂ. ಮೇಡಮ್ಮೇ ಹೇಳಿದ್ರು. ಯಾಕೆ?"

ಅಪ್ಪ ಎದ್ದು ಹೋಗಿ ಕೈ ತೊಳ್ಕೊಂಡ್ರು. ತುಂಬ ಹೊತ್ತು ನಲ್ಲಿ ನಿಲ್ಲಿಸ್ಲೇ ಇಲ್ಲ.

"ನಾಳೆ ಹತ್ತು ಗಂಟೆಗೆ ಬರ್ತೀವಿ ಅಂತ ಮೇಡಂಗೆ ಹೇಳು. ಆ ಪಟ್ಟಿಯಿಂದ ಅವಳ ಹೆಸರು ತೆಗೆಸ್ಬೇಕು. 'ಪಾಪ ಅಂತ ನಿಮಗೂ ಒಂದು ಡಬ್ಬಿ ಕೊಟ್ಟಿದ್ದಾರೆ ರೀ' ಅಂತ ಹೇಳಿ ದಿನಾ ನನಗೆ ತಿನ್ನಿಸ್ತಿದ್ಲು."