ಕೇಳೋಕೆ ಬಂದವರು

ಬಿಷಪ್ ಸ್ವಾಮಿಗಳು ಹೊಸ್ತಿಲಲ್ಲಿ ಬಂದು ನಿಂತಾಗ ಟೈಲರಮ್ಮ ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿ ಹಿಡಿದಿದ್ದಳು. ಇಲ್ಲದಿದ್ದರೆ ಅವರಿಗೆ ಬಾಗಿಲಲ್ಲೇ ಮಂಗಳಾರತಿ ಆಗಿಬಿಡುತ್ತಿತ್ತು. ಭಾನುವಾರದಿಂದಲೂ ಅವಳು ಈ ಮನುಷ್ಯನಿಗಾಗಿಯೇ ಬೈಗುಳ ಕೂಡಿಟ್ಟಿದ್ದಳು. ಅಂದು ಚರ್ಚಿನಲ್ಲಿ ಅವರು ಸಮುದ್ರದಾಚೆಯ ತಮ್ಮ ಮಿಷನ್ ಆಸ್ಪತ್ರೆಯ ಕಷ್ಟ ಹೇಳಿಕೊಂಡು, "ನರ್ಸುಗಳು ಯಾರಾದರೂ ಬರ್ತೀರಾ?" ಎಂದದ್ದೇ ತಡ, ಇವಳ ಒಬ್ಬಳೇ ಮಗಳು ಎದ್ದು ನಿಂತುಬಿಟ್ಟಿದ್ದಳು. ಪಕ್ಕದಲ್ಲಿದ್ದ ಅಮ್ಮನ ಮುಖವನ್ನೂ ನೋಡದೆ!

"ನಮಸ್ಕಾರ ತಾಯಿ. ಕೇಳೋಕೆ ಬಂದೆ," ಎಂದರು ಬಿಷಪ್ಪರು.

ಟೈಲರಮ್ಮ ಸೂಜಿಗಳನ್ನು ಅಂಗೈಗೆ ಉಗಿದಳು. "ಗೊತ್ತು ಬಿಡಿ ಸ್ವಾಮಿ, ಹೆಣ್ಣು ಕೇಳೋಕೆ ಬಂದಿದೀರ. ಬೇರೆಯೋರಾದ್ರೆ ಗಂಡಿನ ಫೋಟೋನಾದ್ರೂ ತರ್ತಾರೆ, ನೀವು ಬರಿಗೈಲಿ ಬಂದ್ರಲ್ಲ!"

ಬಿಷಪ್ಪರು ಹೊಟ್ಟೆ ಕುಲುಕುವಂತೆ ನಕ್ಕರು. "ಆ ಕೇಳೋದಲ್ಲ ತಾಯಿ. ನೀವು ಹೇಳಿ, ನಾನು ಕೇಳ್ತೀನಿ. ಭಾನುವಾರ ಪೂರ್ತಿ ನಾನೊಬ್ನೇ ಮಾತಾಡಿದ್ದಾಯ್ತಲ್ಲ." ಹಾಗೆಂದು ಬಟ್ಟೆಯ ಚೂರುಗಳನ್ನು ಸರಿಸಿ, ಸ್ಟೂಲಿನ ಮೇಲೆ ಕೂತೇಬಿಟ್ಟರು.

ಹೇಳು ಅಂದರೆ ಬಿಡುವವಳೇ ಅವಳು? "ನಿಮಗೇನು, ಊರೂರು ಸುತ್ತಿ ಭಾಷಣ ಮಾಡ್ತೀರ, ಹೋಗ್ತೀರ. ನನ್ನ ಗಂಡನೂ ಹಡಗಿನ ಕೆಲಸ ಅಂತ ಹೋದೋನು, ಹೆಣವಾಗಿ ಕೂಡ ತಿರುಗಿ ಬರ್ಲಿಲ್ಲ. ಆಗ ಇವಳಿನ್ನೂ ತೊಟ್ಟಿಲಲ್ಲಿದ್ಲು. ಈ ಹೊಲಿಗೆ ಮಿಷಿನ್ ತುಳಿದೂ ತುಳಿದೂ ಅವಳನ್ನ ನರ್ಸ್ ಮಾಡ್ದೆ. ಈಗ ನನ್ನ ಕಣ್ಣೂ ಹೋಗ್ತಿದೆ. ಡ್ಯೂಟಿಗೆ ಹೊರಡೋ ಮುಂಚೆ ಅವಳೇ ನನ್ನ ಸೂಜಿಗಳಿಗೆಲ್ಲ ದಾರ ಪೋಣಿಸಿಟ್ಟು ಹೋಗ್ತಾಳೆ, ಗೊತ್ತಾ ನಿಮಗೆ? ನಿಮ್ಮ ಆಸ್ಪತ್ರೆಗೆ ನನ್ನ ಮನೆಯೇ ಕಾಣಿಸ್ತಾ?"

ಬಿಷಪ್ಪರು ನಡುವೆ ಬಾಯಿ ಹಾಕಲಿಲ್ಲ. ದೇವರ ಚಿತ್ತ ಎನ್ನಲಿಲ್ಲ, ಬೈಬಲ್ ವಾಕ್ಯ ಒಪ್ಪಿಸಲಿಲ್ಲ, ಗಡಿಯಾರದ ಕಡೆ ಕಣ್ಣು ಹಾಯಿಸಲಿಲ್ಲ. ದಿನವಿಡೀ ಗಿರಾಕಿಗಳ ಮಾತಿಗೆ ಹೂಂಗುಟ್ಟಿಯೇ ಅಭ್ಯಾಸವಾದ ಟೈಲರಮ್ಮನಿಗೆ, ತನ್ನ ಮಾತಿಗೆ ಇನ್ನೊಬ್ಬರು ಹೂಂಗುಟ್ಟುವುದು ತೀರಾ ಹೊಸದು. ಬೈಯುತ್ತ ಬೈಯುತ್ತಲೇ ಕಣ್ಣು ತುಂಬಿತು. ಕಣ್ಣೀರು ಕಾಣಬಾರದೆಂದು ತಲೆ ತಗ್ಗಿಸಿದರೆ, ಎದುರಿಗೆ ಅವರ ನಿಲುವಂಗಿಯ ಜೇಬು.

"ಅಯ್ಯಯ್ಯೋ, ಬಿಳಿ ಬಟ್ಟೆಗೆ ಕಪ್ಪು ದಾರ! ಯಾವ ಪುಣ್ಯಾತ್ಮ ಹೊಲಿದಿದ್ದು ಇದನ್ನ?"

"ನಾನೇ ತಾಯಿ. ರೈಲಲ್ಲಿ."

"ದೇವರು ಕ್ಷಮಿಸಿಯಾನು, ನಾನು ಕ್ಷಮಿಸಲ್ಲ. ಬಿಚ್ಚಿ ಕೊಡಿ ಇಲ್ಲಿ."

ಅಷ್ಟು ದೊಡ್ಡ ಮನುಷ್ಯರು ತುಟಿಪಿಟಿಕ್ಕೆನ್ನದೆ ನಿಲುವಂಗಿ ಬಿಚ್ಚಿಕೊಟ್ಟು, ಮಾಸಲು ಶರಟು ಪ್ಯಾಂಟಿನಲ್ಲಿ ಕೂತರು. ಅವಳು ಹಳೆಯ ಹೊಲಿಗೆ ಬಿಡಿಸುತ್ತ, "ಅಲ್ಲಾ, ಇಷ್ಟೊಂದು ಊರು ಅಲೆದ್ರಲ್ಲ, ಜನ ಏನು ಕೊಟ್ರು?" ಎಂದಳು.

"ಧಾರಾಳವಾಗೇ ಕೊಟ್ರು. ಮಂಚ ಕೊಟ್ರು, ಕಂಬಳಿ ಕೊಟ್ರು, ಪೆಟ್ಟಿಗೆಗಟ್ಟಲೆ ಔಷಧಿ ಕೊಟ್ರು. ನಾನೇ ಬರ್ತೀನಿ ಅಂದವಳು ಮಾತ್ರ ನಿಮ್ಮ ಮಗಳೊಬ್ಬಳೇ."

"ಅಂಥವಳನ್ನ ನೀವು ಇಲ್ಲೇ ಬಿಟ್ಟು ಹೋಗ್ತೀರಾ!"

"ಬಿಟ್ಟು ಹೋಗ್ತೀನಿ ತಾಯಿ. ನಿಮಗೂ ಒಬ್ಬಳೇ ಅಲ್ವಾ?"

ಟೈಲರಮ್ಮನ ಕೈ ನಿಂತೇ ಹೋಯಿತು. ಜಗಳಕ್ಕೆ ಬಂದವರನ್ನು ಹೇಗೆ ಓಡಿಸಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಂಥವರನ್ನು ಏನು ಮಾಡುವುದು? ಬಿಳಿ ದಾರದ ಸೂಜಿ ಎತ್ತಿಕೊಂಡು ಜೇಬು ಹೊಲಿಯಲು ಕೂತಳು.

ಅಷ್ಟರಲ್ಲಿ ಡ್ಯೂಟಿ ಮುಗಿಸಿದ ಮಗಳು ಯೂನಿಫಾರ್ಮಿನಲ್ಲೇ ಒಳಗೆ ಬಂದು ಹೌಹಾರಿದಳು. "ಅಮ್ಮಾ! ಸ್ವಾಮಿಗಳ ಅಂಗಿ ಬಿಚ್ಚಿಸಿ ಕೂರಿಸಿದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

"ಅವರನ್ನ ಏನೂ ಅನ್ನಬೇಡಮ್ಮ," ಎಂದರು ಬಿಷಪ್ಪರು. "ನಾಳೆ ನಾನೊಬ್ನೇ ಹೊರಡ್ತೀನಿ. ನಿಮ್ಮಮ್ಮ ಇಲ್ಲ ಅಂದ್ರು. ಅವರು ಹೇಳಿದ್ದೆಲ್ಲ ಕೇಳಿಸ್ಕೊಂಡೆ, ಒಂದೂ ಸುಳ್ಳಲ್ಲ. ನೀನು ಕೋಪ ಮಾಡ್ಕೋಬೇಡ."

ಮಗಳ ಮುಖ ಬಾಡಿಹೋಯಿತು. ಆದರೂ ಬ್ಯಾಗು ಕೆಳಗಿಟ್ಟು ಅಮ್ಮನ ಹಿಂದೆ ಬಂದು ನಿಂತಳು. ದಿನವೆಲ್ಲ ಬಗ್ಗಿ ಬಗ್ಗಿ ನೋಯುತ್ತಿದ್ದ ಆ ಕುತ್ತಿಗೆಯನ್ನು ಎಂದಿನಂತೆ ಮೆಲ್ಲಗೆ ನೀವತೊಡಗಿದಳು.

ಟೈಲರಮ್ಮ ಕೊನೆಯ ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. ತಲೆ ಮಾತ್ರ ಎತ್ತಲಿಲ್ಲ.

"ಇಲ್ಲ ಅಂತ ನಾನ್ಯಾವಾಗ ಅಂದೆ ಸ್ವಾಮಿ? ಬೈದೆ, ಅಷ್ಟೆ."